ಮಡಿಸಿಟ್ಟ ಬಟ್ಟೆ

ಹೆಸರು ತಣ್ಣೀರುಹಳ್ಳ.
ಆ ರಾತ್ರಿ ಬೋರಿನಲ್ಲೂ ನೀರಿರಲಿಲ್ಲ.

ನಾಲ್ಕು ಮಹಡಿ, ಹದಿನಾರು ಮನೆ.
ನನಗೆ ಗೊತ್ತಿದ್ದದ್ದು ಗಂಟಿನ ಲೆಕ್ಕದಲ್ಲಿ:
ನೂರಾನಾಲ್ಕು, ಜಬೀನಾ ಟೀಚರ್, ಗಂಜಿ ಹಾಕಿದ ಸೀರೆ ಮೂರು.
ಮುನ್ನೂರಾಎರಡು, ನರ್ಸ್ ಫ್ಲೇವಿಯಾ, ಬಿಳಿ ಕೋಟು, ತೋಳಲ್ಲಿ ಹೋಗದ ಅಯೋಡಿನ್ ಕಲೆ.
ನಾನೂರಾಎರಡು, ಕಂಡಕ್ಟರ್ ಶಾಂತರಾಜು, ಖಾಕಿ ಒಂದು ಜೊತೆ,
ಜೇಬು ತಡವಿಯೇ ಪೆಟ್ಟಿಗೆ ಇಡಬೇಕು, ಚಿಲ್ಲರೆ ಇರ್ತದೆ.

ಬೆಳಗಾದಾಗ ಕಟ್ಟಡ
ಒಲೆಯ ಮೇಲೆ ಮರೆತ ಪಾತ್ರೆಯ ಹಾಗೆ ನಿಂತಿತ್ತು.
ರಸ್ತೆಯಾಚೆ, ಹೊಂಗೆ ಮರದಡಿ, ನನ್ನ ಗಾಡಿ.
ಟಾರ್ಪಾಲಿಗೆ ಬೂದಿ ಕೂತಿತ್ತು, ಅಷ್ಟೇ.
ಒಳಗೆ, ಬುಧವಾರ ಕೊಟ್ಟು ಗುರುವಾರ ಒಯ್ಯಬೇಕಿದ್ದ
ಒಂಬತ್ತು ಗಂಟು.

ಬಂದರು ಒಬ್ಬೊಬ್ಬರೇ,
ನೈಟಿಯಲ್ಲಿ, ಬನಿಯನ್ನಿನಲ್ಲಿ, ಯಾರದೋ ಕಂಬಳಿ ಹೊದ್ದು.
"ನಮ್ಮದು ಇದೆಯೇನಪ್ಪಾ?"
ಜಬೀನಾ ಟೀಚರ್ ಸೀರೆ ಉಡಲಿಲ್ಲ,
ಮೂಗಿಗೆ ಹಿಡಿದು ನಿಂತರು.
ಹೊಗೆ ತಾಗದ ಗಂಜಿಯ ವಾಸನೆ.
ಅವರ ಮನೆಯಲ್ಲಿ ಉಳಿದದ್ದು ಅದೊಂದೇ.

ನನಗೆ ಬಟ್ಟೆ ಕೊಡದವರೂ ಇದ್ದರಲ್ಲ,
ಮನೆಯಲ್ಲೇ ಕರೆಂಟಿನ ಪೆಟ್ಟಿಗೆ ಇಟ್ಟುಕೊಂಡವರು.
ಇನ್ನೂರಾಮೂರರ ರತ್ನಪ್ರಭಾ
ಹಾಲಿನ ಬೂತಿನ ಗೋಡೆಗೆ ಒರಗಿದ್ದರು,
ಸುತ್ತ ಎಂಟು ಅಡಿ ಖಾಲಿ.
ಸ್ವಿಚ್ ಆರಿಸೋದು ಮರೆತಳಂತೆ, ಅಲ್ಲಿಂದಲೇ ಹತ್ತಿತಂತೆ.
ಆ ಅಂತೆಯನ್ನು ಆರಿಸಲು
ಯಾವ ಫೈರ್ ಎಂಜಿನ್ನೂ ಬರಲಿಲ್ಲ.
ನಾನೂ, ಸುಳ್ಳೇಕೆ, ಒಳಗೊಳಗೇ ಅಂದುಕೊಂಡೆ:
ನನಗೇ ಕೊಟ್ಟಿದ್ದರೆ ಹತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಫ್ಲೇವಿಯಾ ಗಂಟು ಬಿಚ್ಚಿದಳು.
ಕೋಟು ತಾನಿಟ್ಟುಕೊಂಡಳು, ಡ್ಯೂಟಿ ಇತ್ತು,
ಸುಟ್ಟವರೂ ಅವಳ ವಾರ್ಡಿನಲ್ಲೇ ಇದ್ದರು.
ಈಸ್ಟರಿಗೆಂದು ಕೊಟ್ಟಿದ್ದ ನೀಲಿ ಸೀರೆ ಹಿಡಿದು
ಆ ಎಂಟು ಅಡಿ ನಡೆದಳು.
ಮಾತಿಲ್ಲ. ಟವೆಲ್ ಮರೆ ಹಿಡಿದು ಉಡಿಸಿದಳು,
ಕೂತು ನೆರಿಗೆ ಸರಿಮಾಡಿದಳು.

ಆಮೇಲೆ ಜಾಗ ಖಾಲಿ ಉಳಿಯಲಿಲ್ಲ.
ಪೆನ್ಷನ್ ಮೊಹಲ್ಲಾದಿಂದ ಡಬರಿ ತುಂಬ ಟೀ ಬಂತು,
ಶಾದಿ ಮಹಲಿನ ಬೀಗ ತೆಗೆದರು,
ಸೋಮೇಗೌಡರ ಪ್ಯಾಂಟು ಪಿಯುಸಿ ಹುಡುಗನಿಗಾಯಿತು,
ಸೊಂಟಕ್ಕೆ ಸೆಣಬಿನ ದಾರ.
ಅಳುತ್ತಿದ್ದವರೇ ಅವನನ್ನು ನೋಡಿ ನಕ್ಕುಬಿಟ್ಟರು.

ಸಂಜೆಗೆ ಉಳಿದದ್ದು ಒಂದು ಗಂಟು.
ಬಾಗಿಲು ಬಾಗಿಲು ಬಡಿದು, "ಇಳೀರಿ, ಬೇಗ ಇಳೀರಿ" ಅಂತ
ಬಸ್ಸಿನ ದನಿಯಲ್ಲೇ ಕೂಗಿದವನು
ತಾನು ಇಳಿಯಲಿಲ್ಲ.
ಖಾಕಿಗೆ ಇನ್ನೂ ಪೆಟ್ಟಿಗೆ ತಾಗಿರಲಿಲ್ಲ.
ಜೇಬಿನಲ್ಲಿ ಹನ್ನೆರಡು ರೂಪಾಯಿ ಚಿಲ್ಲರೆ.
ನನ್ನ ಹತ್ತಿರ, ಸಕಲೇಶಪುರದಿಂದ ಬರುವಾಗ
ಬೆನ್ನಿಗೆ ಅವನೇ ಬರೆದುಕೊಟ್ಟ ಟಿಕೆಟ್ಟು: ಏಳು ಬಾಕಿ.
ಮುರಿದುಕೊಳ್ಳಲಿಲ್ಲ. ಬಾಕಿ ಬಾಕಿಯಾಗಿಯೇ ಇರಲಿ.

ಹತ್ತು ದಿನ ಇದ್ದಿಲು ಹೊತ್ತಿಸಲಿಲ್ಲ ನಾನು.
ಹನ್ನೊಂದನೆಯ ದಿನ, ಅವನ ತಿಥಿಯ ಬೆಳಿಗ್ಗೆ,
ರತ್ನಪ್ರಭಾ ಬಂದರು, ನೀಲಿ ಸೀರೆ ಒಗೆದು ತಂದಿದ್ದರು.
"ವಾಪಸ್ ಕೊಡಬೇಕು. ಸುಕ್ಕಾಗಿದೆ."
ತೆಂಗಿನ ಚಿಪ್ಪು ಅವರೇ ಒಡೆದು ಕೊಟ್ಟರು.
ಕಡ್ಡಿ ಗೀರುವಾಗ
ಇಬ್ಬರೂ ಬೇರೆ ಕಡೆ ನೋಡಿದೆವು.

ಮೊದಲು ಖಾಕಿ ಮಾಡಿದೆ.
ಆಕೆ ಕಾದರು.