ಲೋಟ ಅದುರಿದಾಗ

ಕಾಲ್ಗೂರ್ಲಿಯ ಮಣ್ಣು ಕೆಂಪು. ಅಷ್ಟು ಸಾಕು
ಎಂದುಕೊಂಡೇ ಒಪ್ಪಿದ್ದೆ ಈ ಕೆಲಸಕ್ಕೆ.
ಪರ್ತ್‌ನಿಂದ ಏಳು ತಾಸು ರೈಲು.
ಕುಡಿಯುವ ನೀರೂ ಆ ಕಡೆಯಿಂದಲೇ, ಕೊಳವೆಯಲ್ಲಿ,
ನನ್ನ ಹಾಗೆ ಪರಸ್ಥಳದ್ದು.
ನಮ್ಮ ಉರಿಗಾಂಪೇಟೆಗೂ ಬೇತಮಂಗಲದ ನೀರು ಬರಬೇಕಿತ್ತು.
ಚಿನ್ನ ಇದ್ದ ಕಡೆ ನೀರಿರುವುದಿಲ್ಲವೇನೋ.

ಹನ್ನೊಂದನೇ ಕೋಣೆಯ ಮುದುಕ, ಸೆಡ್ರಿಕ್ ಟ್ರೆಮೇನ್,
ತೊಂಬತ್ತೊಂದು ವರ್ಷ. ಮೊದಲ ದಿನ
ಎದೆಯ ಮೇಲಿನ ಹೆಸರಿನ ಪಟ್ಟಿ ಓದಲಿಲ್ಲ,
ಮುಖ ಓದಿದ:
"ಚೌಡಮ್ಮಾ, ಬಿಸ್ನೀರ್ ಕಾದೈತಾ?"

ಥರ್ಮಾಮೀಟರು ಕೈಯಲ್ಲೇ ಉಳಿಯಿತು.
ಆ ಕನ್ನಡ! ಅರ್ಧ ತಮಿಳು, ಕಾಲು ತೆಲುಗು,
ಉಳಿದದ್ದು ನಮ್ಮ ಬೀದಿಯ ನಲ್ಲಿ ಜಗಳದ್ದು.
ಇಂಗ್ಲಿಷು ಒಂದೊಂದೇ ಪದವಾಗಿ ಅವನನ್ನು ಬಿಟ್ಟು ಹೋಗಿದೆ.
ಡಾರ್ವಿನ್‌ನಿಂದ ಮಗಳು ಫೋನು ಮಾಡಿದರೆ
ಸುಮ್ಮನೆ ಉಸಿರಾಡುತ್ತಾನೆ.
ಆಯಾ ಕಲಿಸಿದ್ದು ಮಾತ್ರ ತಳ ಹಿಡಿದು ಕೂತಿದೆ.

ಇವನಪ್ಪ ಚಾಂಪಿಯನ್ ರೀಫಿನಲ್ಲಿ ಸಾಹೇಬ.
ಕಾರ್ನ್‌ವಾಲ್‌ನ ತವರದ ಗಣಿ ಮುಚ್ಚಿದ ಮೇಲೆ
ಹಸಿದು ಹಡಗು ಹತ್ತಿದವರ ಮಗ.
ಗುಳೆ ಬಂದವರು ಅಂತ ಅವರನ್ನು ಯಾರೂ ಕರೆಯಲಿಲ್ಲ.
ದೊರೆ ಅಂದರು.
ನಮ್ಮ ತಾತ ಅಬ್ಬಯ್ಯ, ಬಿಲ್ಲೆ ನಂಬರು ನಾಲ್ಕು ಸಾವಿರದ ಹದಿನೇಳು.
ಪಾಳಿ ಮುಗಿಸಿ ಮೇಲೆ ಬಂದರೆ
ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಲಂಗೋಟಿ ಬಿಚ್ಚಿಸಿ
ನೋಡುತ್ತಿದ್ದರು, ಚಿನ್ನ ಇದೆಯಾ ಅಂತ.
ಇದ್ದದ್ದು ಕಲ್ಲಿನ ಧೂಳು, ಎದೆಯೊಳಗೆ.
ಅದೊಂದನ್ನು ಮನೆಗೆ ಒಯ್ಯಲು ಬಿಟ್ಟರು.

ಈಗ ನಾನು ದಿನಕ್ಕೆ ಮೂರು ಸಲ
ಈ ಮುದುಕನ ಬಾಯಿ ತೆರೆಸುತ್ತೇನೆ,
ಮಾತ್ರೆ ನುಂಗಿದನೋ, ನಾಲಿಗೆಯಡಿ ಇಟ್ಟುಕೊಂಡನೋ ಅಂತ.
ಸೇಡು ಅನ್ನಬೇಡಿ ಇದನ್ನು.
ಗಂಟೆಗೆ ಇಷ್ಟು ಅಂತ ಕೊಡುತ್ತಾರೆ.

ಮೇಜಿನ ಮೇಲೊಂದು ಫೋಟೋ: ಅಣ್ಣ, ತಂಗಿ,
ಮೊಣಕಾಲುದ್ದದ ಕಾಲುಚೀಲ, ಹಿಂದೆ ಸೈನೈಡ್ ದಿಬ್ಬ.
ಐವತ್ತೆಂಟನೇ ಇಸವಿಯಲ್ಲಿ ಹಡಗು ಹತ್ತುವ ಮುಂಚೆ
ಮದರಾಸಿನ ಆಫೀಸಿನಲ್ಲಿ ಒಬ್ಬ
ಇಬ್ಬರ ತೋಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದನಂತೆ,
ಬಟ್ಟೆ ಅಂಗಡಿಯಲ್ಲಿ ಬಣ್ಣ ನೋಡುವ ಹಾಗೆ.
ಅಣ್ಣ ಪಾಸು.
ಐರಿಸ್ ಅಮ್ಮನ ಮೈಬಣ್ಣ. ಉಳಿದಳು.
"ಐರಿಸ್ ಬಿಸ್ಲಾಗೆ ಆಡ್ತಿದ್ಲು ಜಾಸ್ತಿ" ಅನ್ನುತ್ತಾನೆ ಈಗಲೂ,
ನೆರಳಿಗೆ ಕರೆದಿದ್ದರೆ ಸಾಕಿತ್ತು ಅನ್ನುವಂತೆ.

ನನ್ನನ್ನು ಯಾರೂ ಕಿಟಕಿಗೆ ಹಿಡಿಯಲಿಲ್ಲ.
ಇಂಗ್ಲಿಷ್ ಪರೀಕ್ಷೆ, ಬ್ಯಾಂಕಿನ ಕಾಗದ, ಆಮೇಲೆ ಎಕ್ಸ್‌ರೇ:
ಎದೆಯಲ್ಲಿ ಏನಾದರೂ ಇದೆಯಾ ಅಂತ.
ಉಸಿರು ಬಿಗಿಹಿಡಿದು ನಿಂತಾಗ
ತಾತ ಕೆಮ್ಮಿದ್ದು ಕೇಳಿಸಿತು.

ಸಂಜೆ ಊರಂಚಿನ ಬಯಲುಗಣಿಯಲ್ಲಿ ಬಂಡೆ ಸಿಡಿಸುತ್ತಾರೆ.
ಹೊತ್ತು ಗೊತ್ತುಮಾಡಿ ಹೇಳಿಯೇ ಸಿಡಿಸುತ್ತಾರೆ,
ನೋಡಲು ಜನ ಮಕ್ಕಳೊಂದಿಗೆ ಹೋಗುತ್ತಾರೆ.
ಇಲ್ಲಿ ಲೋಟ ಒಮ್ಮೆ ತಟ್ಟೆಯ ಮೇಲೆ ಅದುರುತ್ತದೆ.
ಬೇರೆಯವರು ಟೀವಿ ನೋಡುತ್ತಲೇ ಇರುತ್ತಾರೆ.
ನಾವಿಬ್ಬರು ಬಾಗಿಲ ಕಡೆ ತಿರುಗುತ್ತೇವೆ.

ಅಲ್ಲಿ ಹಾಗೆ ಅದುರಿದರೆ, ಒಳಗೆ ಕಲ್ಲು ಸಿಡಿದಿದೆ ಅಂತ.
ಅಜ್ಜಿ ಹಿಟ್ಟು ತಿರುವುತ್ತಿದ್ದ ಕೋಲನ್ನು ಕೈಯಲ್ಲೇ ಹಿಡಿದು
ಗಣಿಬಾಯಿಗೆ ಓಡುತ್ತಿದ್ದಳು, ಸೆರಗು ಎಲ್ಲೋ.
ಇವನಮ್ಮ ಬಂಗಲೆಯ ವರಾಂಡದಲ್ಲಿ
ಚೌಡಮ್ಮನ ಕೈ ಹಿಡಿಯುತ್ತಿದ್ದಳಂತೆ,
ಅದೊಂದು ಗಳಿಗೆ ಮಾತ್ರ.

"ಅಪ್ಪ ಮೇಲ್ಕೆ ಬಂದ್ರಾ?"
"ಬಂದ್ರು."
ಸುಮ್ಮನಾಗುತ್ತಾನೆ. ಇವತ್ತು ಮಾತ್ರ, ತಡೆದು,
"ನಿಮ್ಮೋರು?"

ಎಂಬತ್ತು ವರ್ಷದ ಹಿಂದೆ ಚೌಡಮ್ಮನನ್ನು
ಹೀಗೆ ಕೇಳಿದ್ದನೋ ಇಲ್ಲವೋ.
ಚೆಲ್ಲಿದ ಟೀ ಒರೆಸಿದೆ.
ಬಿಸ್ನೀರು ಕಾದೈತೆ, ಏಳಿ, ಅಂದೆ.