ಹಳ್ಳು

ಗುರುವಾರ ಕಣ್ಣಿನ ಸರದಿ. ಒಂಬತ್ತು ಜನ,
ಹಸಿರು ಗೌನು, ಹಣೆಯ ಮೇಲೆ ಮಾರ್ಕರಿನ ಬಾಣ,
ಎಡವೋ ಬಲವೋ ಮರೆಯದಂತೆ.
ನಾಲ್ಕನೆಯವಳು ಸೂಗಮ್ಮ.
ಕಪನೂರಿನ ಬೇಳೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ
ತೊಗರಿಬೇಳೆಯಲ್ಲಿ ಹಳ್ಳು ಆರಿಸಿದವಳು.
ಕಣ್ಣಿಗೆ ಕವಿದದ್ದು ಪೊರೆಯಲ್ಲ, ಹೊಟ್ಟಿನ ದೂಳು ಎಂದೇ
ನಾಲ್ಕು ವರ್ಷ ತಣ್ಣೀರು ಎರಚಿಕೊಂಡು ಕಳೆದಳು.
ಬೇಳೆಯೂ ಹಳ್ಳೂ ಒಂದೇ ಬಣ್ಣವಾಗಿ
ಮಾಲೀಕ ಲೆಕ್ಕ ಮುಗಿಸಿ ಕಳಿಸಿದ ಮೇಲೆ
ಬಂದಳು.

"ನಿದ್ದಿ ಹಚ್ತೀರೇನ್ರಿ?"
"ಇಲ್ಲವ್ವ, ಕಣ್ಣಷ್ಟೇ ಮಲಗ್ತದ. ನೀ ಎಚ್ಚರ ಇರ್ತಿ."
"ನಾ ಎಚ್ಚರಿದ್ದು ಕಣ್ಣು ಮಲಗಿದ್ರ
ಕನಸು ಯಾರಿಗಿ ಬೀಳ್ತದ?"
ಇಪ್ಪತ್ತು ವರ್ಷ ಜನರನ್ನು ಮಲಗಿಸಿದ್ದೇನೆ,
ಇದನ್ನು ಯಾರೂ ಕೇಳಿರಲಿಲ್ಲ.
ಬಿಪಿ ನೋಡಿದೆ. ನೂರಾ ಐವತ್ತೆಂಟು. ಇರಲಿ, ಹೆದರಿಕೆಯದು.

"ನೇರ ಮ್ಯಾಲ ಛತ್ ನೋಡವ್ವ, ಮೂಗಿನ ಕಡಿ ಬ್ಯಾಡ."
ಕೆಳರೆಪ್ಪೆಯ ಅಂಚಿನ ಎಲುಬನ್ನು ಬೆರಳಿನಿಂದ ಹುಡುಕಿ
ಗುಡ್ಡೆಗೂ ಗೂಡಿಗೂ ನಡುವಿನ ಸಂದಿಯಲ್ಲಿ
ಸೂಜಿ. ನಿಧಾನ.
ಈ ಒಂದು ಗಳಿಗೆ ನಾನು ಯಾರ ಜೊತೆಯೂ ಮಾತಾಡುವುದಿಲ್ಲ.
ಐದು ಮಿಲಿ ಹೋಯಿತು. ಮೆಲ್ಲಗೆ ಅಂಗೈ ಒತ್ತಿ ಹಿಡಿದೆ,
ರೊಟ್ಟಿ ಬಡಿಯುವ ಮುಂಚೆ ಹಿಟ್ಟಿನ ಮೇಲೆ
ಸುಮ್ಮನೆ ಕೈ ಇಟ್ಟುಕೊಂಡು ಕೂತ ಹಾಗೆ.
"ಈಗ ಬಲಕ್ಕ ನೋಡು." ಗುಡ್ಡೆ ಕದಲಲಿಲ್ಲ.
"ನೋಡ್ಲತ್ತೀನಲ್ರಿ!" ಅಂದಳು.

ಡಾಕ್ಟರ್ ಇನಾಂದಾರ್ ಮೈಕ್ರೊಸ್ಕೋಪಿಗೆ ಬಾಗಿದರು.
ಇನ್ನು ಕಣ್ಣು ಅವರದು.
ಬಟ್ಟೆಯ ಕೆಳಗೆ ಉಳಿದ ಸೂಗಮ್ಮ ಪೂರಾ ನನ್ನವಳು:
ಉಸಿರು, ನಾಡಿ, ಬಾರದ ಕೆಮ್ಮು, ತಣ್ಣಗಿನ ಪಾದ.
"ಕೆಮ್ಮು ಬಂದ್ರ ಕೈ ಹಿಚುಕು. ತಲಿ ಅಲುಗಿಸಬ್ಯಾಡ."
ಗ್ಲೌಸು ಬಿಚ್ಚಿ ಕೈ ಕೊಟ್ಟೆ.

ಹಿಚುಕಲಿಲ್ಲ.
ಆರಿಸತೊಡಗಿದಳು.
ಆಕೆಯ ಹೆಬ್ಬೆರಳು ನನ್ನ ಒಂದೊಂದು ಬೆರಳನ್ನೂ
ಮೊರದ ಮೇಲಿನ ಕಾಳಿನಂತೆ ಸರಿಸಿತು, ಬಿಟ್ಟಿತು,
ಮುಂದೆ ಹೋಯಿತು. ತೋರುಬೆರಳ ತುದಿಯಲ್ಲಿ ನಿಂತಿತು.
ಹೋಗಿ ಮತ್ತೆ ಬಂತು. ಅಲ್ಲೇ ನಿಂತಿತು.

ಅಲ್ಲೇನಿದೆ ನನಗೆ ಗೊತ್ತು. ಬೀದರಿನಲ್ಲಿ,
ಮೊದಲ ಕೆಲಸದ ದಿನಗಳಲ್ಲಿ, ಆಂಪೂಲು ಮುರಿಯುವಾಗ
ಹೊಕ್ಕ ಗಾಜಿನ ಚೂರು.
ಮೇಲೆ ಚರ್ಮ ಬೆಳೆದು, ಆ ಸಾಸಿವೆಯಷ್ಟು ಜಾಗಕ್ಕೆ
ಬಿಸಿ ತಿಳಿಯದು, ತಂಪೂ ತಿಳಿಯದು.
ಮನೆಯಲ್ಲಿ ಹೇಳಿಲ್ಲ. ಹೇಳುವಂಥದ್ದೂ ಅಲ್ಲ.

ಯಂತ್ರ ಗುಂಯ್‌ಗುಟ್ಟಿ ಪೊರೆಯನ್ನು ಪುಡಿಮಾಡಿ ಹೀರಿತು,
ಲೆನ್ಸು ಮಡಿಕೆ ಬಿಚ್ಚಿ ಕೂತಿತು. ಹದಿನಾಲ್ಕು ನಿಮಿಷ.
ನಾಡಿ ಎಪ್ಪತ್ತೆರಡಕ್ಕೆ ಇಳಿದಿತ್ತು.
ನನ್ನ ಮದ್ದಿನಿಂದಲ್ಲ. ಆಕೆಯ ಕೈಗೆ ಕೆಲಸ ಸಿಕ್ಕಿತ್ತು.

ಮರುದಿನ ಪಟ್ಟಿ ಬಿಚ್ಚಿದಾಗ
ಇನಾಂದಾರರ ಕಾಲಿಗೆರಗಿದಳು, ಎಲ್ಲರಂತೆ.
ಮಗಳು ಪೇಡೆಯ ಡಬ್ಬಿ ಅವರ ಮೇಜಿನ ಮೇಲಿಟ್ಟಳು.
ನಾನು ಬಾಗಿಲಲ್ಲಿ ಮುಂದಿನವರ ಹೆಸರು ಕೂಗುತ್ತಿದ್ದೆ.
ದನಿ ಕೇಳಿ ನಿಂತಳು. ಮುಖ ನೋಡಲಿಲ್ಲ,
ನನ್ನ ಕೈಯನ್ನೇ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು
ಹೊಸ ಕಣ್ಣು ಕಿರಿದು ಮಾಡಿದಳು.

"ಇಲ್ಲೇ ಅದ ನೋಡ್ರಿ, ಹಳ್ಳು.
ತಗಿಸ್ಕೋರಿ ಮೇಡಂ.
ಇಲ್ಲಂದ್ರ ಒಂದಿನ ಹಲ್ಲಿಗಿ ಬರ್ತದ."