ನಲವತ್ತೊಂದನೇ ಪುಟದ ಹೆಬ್ಬೆರಳು

ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದೆ.
ನೂರ ಹನ್ನೆರಡು ಈಗಲೂ ಮಂಚದಡಿ,
ಜಿರಳೆಗಳು ಮುನ್ನುಡಿಯವರೆಗೆ ಓದಿವೆ.

ಒಂದು ದಿನ ಮೊಬೈಲಿಗೆ ನನ್ನದೇ ಪುಸ್ತಕ ಬಂತು.
ಕಳಿಸಿದವರಿಗೆ ನಾನು ಯಾರೆಂದು ಗೊತ್ತಿಲ್ಲ,
'ಚಂದ ಉಂಟು, ಓದಿ, ಫ್ರೀ' ಅಂತ ಬರೆದಿದ್ದರು.
ಪುಟಗಳು ಸೊಟ್ಟ, ಒಂದೆರಡು ತಲೆಕೆಳಗು,
ನಲವತ್ತೊಂದರಲ್ಲಿ ಕೊನೆಯ ಎರಡು ಸಾಲಿನ ಮೇಲೆ
ಯಾರದೋ ಹೆಬ್ಬೆರಳು.
ಉಗುರಿನ ಅಂಚಿಗೆ ಕಪ್ಪು, ಗ್ರೀಸೋ ಟೋನರೋ.
ನನ್ನದೇ ಇದ್ದೀತೆಂದು ಒಮ್ಮೆ ಕೈ ನೋಡಿಕೊಂಡೆ.

ಯಾಕೆಂದರೆ ಉಡುಪಿಯ ಕೋರ್ಟಿನ ಹಿಂದೆ
ಇಪ್ಪತ್ತಾರು ವರ್ಷದಿಂದ ನನ್ನದೊಂದು ಜೆರಾಕ್ಸ್ ಅಂಗಡಿ.
ಪುಟಕ್ಕೆ ಎಂಟಾಣೆಯಿದ್ದ ಕಾಲದಿಂದ
ಲಾ ಓದುವ ಮಕ್ಕಳಿಗೆ ದಪ್ಪ ದಪ್ಪ ಪುಸ್ತಕ
ಇಡಿಗೆ ಇಡೀ ಇಳಿಸಿ ಸ್ಪೈರಲ್ ಹಾಕಿ ಕೊಟ್ಟವ.
ಕಾಪಿರೈಟ್ ಕಾಯ್ದೆಯದ್ದನ್ನೂ, ನಗಬೇಡಿ,
ರಿಯಾಯಿತಿಯಲ್ಲಿ.
ಅದನ್ನು ಬರೆದವರು ಯಾವ ಊರಲ್ಲಿ
ಯಾವ ಮಂಚದಡಿ ಎಷ್ಟು ಪ್ರತಿ ಇಟ್ಟುಕೊಂಡಿದ್ದರೋ.

ದೂರು ಕೊಡಲು ಬಾಯಿ ಬರಲಿಲ್ಲ.
ಠಾಣೆಗೆ ಹೋಗುವ ಅರ್ಜಿಗೂ
ಮೂರು ಪ್ರತಿ ನನ್ನಲ್ಲೇ ಆಗುವುದು.

ಮೊನ್ನೆ ಶನಿವಾರ ಜಲಜಾಕ್ಷಿ ಕುಂದರ್ ಬಂದರು.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವರು;
ಮಂಜುಗಡ್ಡೆ ಪುಡಿಯಾಗುವ ಸದ್ದಿನಲ್ಲಿ
ಮೂರು ರಾತ್ರಿ ಮೊಬೈಲಿನಲ್ಲೇ ಓದಿ ಮುಗಿಸಿದರಂತೆ.
"ಕದ್ದದ್ದೇ ಮಾರಾಯ್ರೆ, ಸುಳ್ಳು ಯಾಕೆ ಹೇಳ್ಲಿ.
ಆದ್ರೆ ಆ ಬೆರಳಿನಡಿ ಎಂತ ಉಂಟು?
ಅದೊಂದು ತಲೆಯಿಂದ ಹೋಗುದೇ ಇಲ್ಲ."

ನೂರಿಪ್ಪತ್ತು ರೂಪಾಯಿ. ಎರಡು ಸಲ ಎಣಿಸಿ ಕೊಟ್ಟರು,
ನೋಟು ತಣ್ಣಗಿತ್ತು.
ಅಲ್ಲೇ, ಮಷೀನಿಗೆ ಒರಗಿ
ನಲವತ್ತೊಂದು ತೆಗೆದರು. ಓದಿದರು.
ಮತ್ತೊಮ್ಮೆ ಓದಿದರು.
"ಇಷ್ಟೇನಾ?"

ಇಷ್ಟೇ.
ಹತ್ತು ದಿನ ಕೂತು ತಿದ್ದಿದ ಸಾಲುಗಳು ಎನ್ನಲು ಹೋದೆ,
ಹೇಳಲಿಲ್ಲ.

ಕಳವಿನಿಂದ ವ್ಯಾಪಾರ ಕುದುರುತ್ತದಾ ಅಂತ
ಪಕ್ಕದ ಟೈಪಿಂಗಿನ ವಾದಿರಾಜ ಕೇಳುತ್ತಾನೆ.
ಮಂಚದಡಿ ಈಗ ನೂರ ಹನ್ನೊಂದು.
ಒಂದನ್ನು ಯಾವ ಕಾಲಮಿನಲ್ಲಿ ಬರೆಯುವುದು,
ಅದು ಲೆಕ್ಕದವರಿಗೆ ಬಿಟ್ಟದ್ದು.

ಪುಸ್ತಕ ಅವರು ವಾಪಸು ಕೊಡಲಿಲ್ಲ, ಅದು ನಿಜ.
ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಕೇಳಿದ್ದೂ ನಿಜ:
"ತಂಗಿಗೆ ಇದರದ್ದೊಂದು ಜೆರಾಕ್ಸ್ ಮಾಡಿ ಕೊಡ್ತೀರಾ?"

ಮಾಡಿಕೊಟ್ಟೆ.
ನಲವತ್ತೊಂದು ಬಂದಾಗ
ಗಾಜಿನ ಮೇಲೆ ನನ್ನ ಹೆಬ್ಬೆರಳಿಟ್ಟು.